ಪಾಳಿ ಬಂದ ಊರಿನ ಊಟ

ಬೆಂಗಳೂರಿನಲ್ಲಿರಲಿ, ಮೈಸೂರಿನಲ್ಲಿರಲಿ, ನಾನು ಬೆಳಗಾವಿಯವಳು ಎಂದು ತಿಳಿದ ಕೂಡಲೇ ಎದುರಿನವರ ಕಣ್ಣು ನನ್ನ ಚೀಲದ ಕಡೆ ಹೊರಳುತ್ತದೆ. “ಕುಂದಾ ತಂದಿಲ್ವಾ?” ಕೇಳುವವರಲ್ಲಿ ಪ್ರೀತಿಯೇ ಇರುತ್ತದೆ, ಆಸೆಯೂ ಇರುತ್ತದೆ. ಆದರೂ ಆ ಮಾತು ನನ್ನನ್ನು ಚುಚ್ಚುತ್ತದೆ. ಊರಿಗೆ ಬಂದವರೂ ಹಾಗೆಯೇ. ಗೋವಾಕ್ಕೆ ಹೋಗುವ ದಾರಿಯಲ್ಲಿ ಕ್ಯಾಂಪಿನ ಅಂಗಡಿಯ ಮುಂದೆ ಕಾರು ನಿಲ್ಲಿಸಿ, ಅರ್ಧ ಕಿಲೋ ಡಬ್ಬಿ ಹಿಡಿದು, ಬೆಳಗಾವಿ ಮುಗಿಯಿತು ಎಂದು ಹೊರಟೇಬಿಡುತ್ತಾರೆ. ಬೆಳಗಾವಿ ಅಷ್ಟು ಬೇಗ ಮುಗಿಯುವ ಊರಲ್ಲ. ಅದರ ಬೆನ್ನಿಗಿರುವ ಖಾನಾಪುರವಂತೂ ಶುರುವಾಗುವುದೇ ಅವರು ಕಾರಿನ ಗಾಜು ಏರಿಸಿದ ಮೇಲೆ.

ಕುಂದಾದ ಮೇಲೆ ನನಗೆ ಮುನಿಸಿಲ್ಲ. ಹಾಲನ್ನು ತಾಸುಗಟ್ಟಲೆ ಕುದಿಸಿ, ಬತ್ತಿಸಿ, ಸಕ್ಕರೆ ಕೆಂಪಗಾಗುವವರೆಗೆ ತಿರುವಿ ತಿರುವಿ ಮಾಡುವ ಆ ಕಂದು ತಿನಿಸಿನಲ್ಲಿ ಮಾಡುವವರ ರಟ್ಟೆಯ ಕಸುವೆಲ್ಲ ಇಳಿದಿರುತ್ತದೆ. ಒಲೆಯ ಮೇಲೆ ಹಾಲಿಟ್ಟು ಮರೆತ ಮಿಠಾಯಿಗಾರನ ಕೈಯಲ್ಲಿ ಅದು ಹುಟ್ಟಿತೆಂಬ ಕತೆಯನ್ನು ನಮ್ಮೂರ ಮಕ್ಕಳು ಕೇಳಿಕೊಂಡೇ ಬೆಳೆಯುತ್ತಾರೆ. ನನ್ನ ತಕರಾರು ಬೇರೆ. ಕುಂದಾ ವರ್ಷದ ಎಲ್ಲ ದಿನವೂ ಸಿಗುತ್ತದೆ, ದುಡ್ಡು ಕೊಟ್ಟ ಎಲ್ಲರಿಗೂ ಸಿಗುತ್ತದೆ. ನಮ್ಮ ಕಡೆಯ ಉಳಿದ ಊಟ-ತಿನಿಸು ಹಾಗಲ್ಲ. ಅದಕ್ಕೊಂದು ತಿಥಿ ಬೇಕು, ಒಂದು ಮನೆ ಬೇಕು, “ಬರ್ರಿ, ಕೂಡ್ರಿ” ಅನ್ನುವವರೊಬ್ಬರು ಬೇಕು.

ಮಾಂಡೆಯನ್ನೇ, ಅಂದರೆ ಮಂಡಿಗೆಯನ್ನೇ, ನೋಡಿ. ಚೆನ್ನಾಗಿ ನಾದಿದ ಕಣಕದಲ್ಲಿ ಸಕ್ಕರೆ ಪುಡಿ, ತುಪ್ಪ, ಏಲಕ್ಕಿಯ ಹೂರಣ ತುಂಬಿ, ಹಿಗ್ಗಿಸಿ ಹಿಗ್ಗಿಸಿ, ಬೋರಲು ಹಾಕಿದ ಪಾತ್ರೆಯ ಬೆನ್ನ ಮೇಲೆ ಹಾಸಿ, ಬಿಸಿಯಿರುವಾಗಲೇ ಮಡಚಬೇಕು. ತುಸು ತಡವಾದರೂ ಮುರಿಯುತ್ತದೆ. ಮದುವೆ ಮನೆಗೆ ಮಾಂಡೆ ಮಾಡುವ ಮಾವಶಿ ಬಂದರೆಂದರೆ ಮಕ್ಕಳೆಲ್ಲ ಮದುಮಗಳನ್ನು ಬಿಟ್ಟು ಆ ಒಲೆಯ ಸುತ್ತ ಸೇರುತ್ತಿದ್ದವು. “ಉಳಿದ ಮಂದಿ ಮನಸ್ಸಿನ್ಯಾಗ ಮಂಡಿಗಿ ತಿಂತಾರ, ನಾವು ಎಲಿಯೊಳಗ ತಿಂತೀವಿ” ಎಂದು ನಮ್ಮ ಕಾಕಾ ಎದೆಯುಬ್ಬಿಸಿ ಹೇಳುತ್ತಿದ್ದರು.

ತಿಥಿಯ ಮಾತು ಬಂದರೆ ಬೆಳಗಾವಿಯ ಪಂಚಾಂಗವೇ ಬೇರೆ. ಹೋಳಿಯ ಬಣ್ಣ ನಗರದಲ್ಲಿ ಒಂದು ದಿನವಾದರೆ ಊರಿನದೇ ಭಾಗವಾದ ಶಹಾಪುರದಲ್ಲಿ ರಂಗಪಂಚಮಿಯ ದಿನ. ಶಹಾಪುರ ಒಂದು ಕಾಲಕ್ಕೆ ಸಾಂಗ್ಲಿ ಸಂಸ್ಥಾನಕ್ಕೆ ಸೇರಿತ್ತು. ಸಂಸ್ಥಾನ 1948ರಲ್ಲಿ ವಿಲೀನವಾಯಿತು, ಬಣ್ಣದ ದಿನ ಮಾತ್ರ ವಿಲೀನವಾಗಲಿಲ್ಲ. ಎರಡೂ ಕಡೆ ನೆಂಟರಿದ್ದ ಹುಡುಗರಿಗೆ ಎರಡು ಸಲ ಬಣ್ಣ, ಎರಡು ಸಲ ಹೋಳಿಗೆ. ವೈಶಾಖದಲ್ಲಿ ಶಿವಜಯಂತಿಯ ಚಿತ್ರರಥಗಳು ರಾತ್ರಿಯಿಡೀ ಊರು ಸುತ್ತುತ್ತವೆ. ಆಷಾಢದ ಮಳೆಯಲ್ಲಿ ವಡಗಾವಿಯ ಮಂಗಾಯಿ ಜಾತ್ರೆ. ಭಾದ್ರಪದದಲ್ಲಿ ಗಣಪತಿ. ಲೋಕಮಾನ್ಯ ಟಿಳಕರು 1905ರಲ್ಲಿ ಝೆಂಡಾ ಚೌಕದಲ್ಲಿ ಸಾರ್ವಜನಿಕ ಗಣೇಶೋತ್ಸವಕ್ಕೆ ನಾಂದಿ ಹಾಡಿದರು ಎಂಬ ಹೆಮ್ಮೆ ನಮ್ಮೂರಿನದು. ಕಪಿಲೇಶ್ವರ ಹೊಂಡದ ಕಡೆ ಹೊರಟ ಮೆರವಣಿಗೆ ಮರುದಿನ ಬಿಸಿಲೇರಿದರೂ ನಡೆದೇ ಇರುತ್ತದೆ. ಮೈಸೂರು ಸೀಮೆಯಲ್ಲಿ ಗೌರಿ ಮಗನಿಗಿಂತ ಒಂದು ದಿನ ಮೊದಲೇ ಬಂದರೆ, ನಮ್ಮಲ್ಲಿ ಮಗ ಬಂದು ಕೂತು ದಿನಗಳಾದ ಮೇಲೆ ಬರುತ್ತಾಳೆ. ಇನ್ನು ಗಣಪ ಕೂತ ಮರುದಿನ ಹಳ್ಳಿಗಳ ಬಹಳ ಮನೆಗಳಲ್ಲಿ ಉಂದ್ರಿ. ಗಣಪನಿಗೆ ಮೋದಕ ಆಯಿತಲ್ಲ, ಅವನನ್ನು ಹೊತ್ತು ತಂದ ಇಲಿಗೆ ಏನು? ಇಲಿಯ ಹೆಸರಿನಲ್ಲಿ ಮಟನ್ ಕುದಿಯುತ್ತದೆ. ದೇವರ ವಾಹನದ ಹಸಿವನ್ನೂ ನೆನಪಿಟ್ಟುಕೊಂಡ ಜನ ನಮ್ಮವರು, ಇದನ್ನು ನಾನು ಅಭಿಮಾನದಿಂದಲೇ ಹೇಳುತ್ತೇನೆ. ನವೆಂಬರ್ 1ರಂದು ಚನ್ನಮ್ಮ ವೃತ್ತದಲ್ಲಿ ರಾಜ್ಯೋತ್ಸವಕ್ಕೆ ಕಾಲಿಡಲು ಜಾಗವಿರುವುದಿಲ್ಲ. ಕುಣಿದು ದಣಿದವರಿಗೆ ಹುಕ್ಕೇರಿ ಹಿರೇಮಠದವರು ಹೋಳಿಗೆ ಊಟ ಬಡಿಸುತ್ತಾರೆ.

ಇಷ್ಟು ಹೊತ್ತಿಗೆ ನೀವು ಖಾನಾಪುರದ ಬಸ್ಸು ಹತ್ತಬೇಕು. ಸುಮಾರು 26 ಕಿಲೋಮೀಟರ್, ಹಂಚಿನ ಕಾರ್ಖಾನೆಗಳ ಊರು, ಮಲಪ್ರಭೆಯ ದಂಡೆ. ಕಣಕುಂಬಿಯಲ್ಲಿ ಹುಟ್ಟಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಹೊಳೆ ಇಲ್ಲಿ ಇನ್ನೂ ಎಳೆಯದು. ತಾಲ್ಲೂಕು ಒಂದೇ ಆದರೂ ನೆಲ ಎರಡು. ಮೂಡಲಿಗೆ ಇಟಗಿ, ಪಾರಿಶ್ವಾಡ, ಗಂದಿಗವಾಡ: ಕನ್ನಡದ ಬಯಲು, ರೊಟ್ಟಿಯ ಸೀಮೆ. ಪಡುವಲಿಗೆ ಜಾಂಬೋಟಿ, ಕಣಕುಂಬಿ, ಲೋಂಡಾ: ಮರಾಠಿ, ಕೊಂಕಣಿ, ಕನ್ನಡ ಬೆರೆತ ಮಲೆಸೀಮೆ, ಭತ್ತದ ಗದ್ದೆ, ಎಮ್ಮೆ ಸಾಕುವ ಗವಳಿಗರ ವಾಡೆಗಳು. ಶ್ರಾವಣದಲ್ಲಿ ಆ ಕಾಡಿನ ಹುತ್ತಗಳ ಸುತ್ತ ಅಳಂಬಿ ಏಳುತ್ತದೆ. ಬೆಳಕು ಹರಿಯುವ ಮೊದಲೇ ಹೆಣ್ಣುಮಕ್ಕಳು ಆರಿಸಿ ತಂದು, ಎಲೆಯಲ್ಲಿ ಸುತ್ತಿ, ದಾರಿ ಬದಿಗೆ ಮಾರಲು ಕೂಡುತ್ತಾರೆ. ಶ್ರಾವಣವೆಂದು ಮಟನ್ ಬಿಟ್ಟು ಮುಖ ಸಣ್ಣದು ಮಾಡಿಕೊಂಡವರೆಲ್ಲ ಅಲ್ಲಿಗೆ ಓಡುತ್ತಾರೆ. ಮಳೆ ನಿಂತ ಮೇಲೆ ಕೆಂಪು ಮಣ್ಣಿನಿಂದ ರತಾಳಿ, ಅಂದರೆ ಗೆಣಸು, ಮೇಲೆ ಬರುತ್ತದೆ. ಲಾರಿಗಳಲ್ಲಿ ಉತ್ತರ ಭಾರತದವರೆಗೆ ಹೋಗುವ ಬೆಳೆ ಅದು. ಹೋಗುವ ಮೊದಲು ಒಂದಿಷ್ಟು ನಮ್ಮ ಹೋಳಿಗೆಯ ಹೂರಣವಾಗುತ್ತದೆ.

ಇವೆಲ್ಲ ಪ್ರತಿ ವರ್ಷದವು. ನಾನು ಹೇಳಹೊರಟಿದ್ದು ಪ್ರತಿ ವರ್ಷ ಬರದ ಹಬ್ಬದ ಬಗ್ಗೆ.

ನಮ್ಮ ವೈನಿಯ, ಅಂದರೆ ಅತ್ತಿಗೆಯ, ತವರು ಇದೇ ತಾಲ್ಲೂಕಿನ ನಂದಗಡದ ಆಚೆ. ಅವರೂರಿನಲ್ಲಿ ಲಕ್ಷ್ಮಿ ಜಾತ್ರೆ. ಖಾನಾಪುರ, ಬೆಳಗಾವಿ ಸೀಮೆಯ ಹಳ್ಳಿಗಳಲ್ಲಿ ಗ್ರಾಮದೇವಿ ಲಕ್ಷ್ಮಿಯ ದೊಡ್ಡ ಜಾತ್ರೆ ಐದು ವರ್ಷಕ್ಕೊಮ್ಮೆ, ಹನ್ನೆರಡು ವರ್ಷಕ್ಕೊಮ್ಮೆ, ಕೆಲವೆಡೆ ಇಪ್ಪತ್ತನಾಲ್ಕು ವರ್ಷಕ್ಕೊಮ್ಮೆ. ಪಾಳಿ ಬಂತೆಂದರೆ ಊರಿಗೆ ಹಿಂದಿನ ವರ್ಷವೇ ನಿದ್ದೆ ಇಲ್ಲ. ಗೋಡೆಗೆ ಸುಣ್ಣ-ಬಣ್ಣ, ಮುರಿದ ಹಂಚಿಗೆ ಹೊಸ ಹಂಚು. ದೇವಿಯ ಮರದ ಮೂರ್ತಿಗೆ ಬಡಿಗೇರರ ಕೈಯಿಂದ ಹೊಸ ಬಣ್ಣ. ಜಾತ್ರೆಗೆ ಮುನ್ನ ವಾರ ಪಾಲಿಸುತ್ತಾರೆ, ಅಂದರೆ ವಾರದಲ್ಲಿ ಗೊತ್ತು ಮಾಡಿದ ದಿನ ಬಿಡುವು. ಆ ದಿನ ಎತ್ತಿನ ಹೆಗಲಿಗೆ ನೊಗವಿಲ್ಲ, ಹೊಲದಲ್ಲಿ ಕೆಲಸವಿಲ್ಲ. ಆಮೇಲೆ ದೇವಿಯ ಲಗ್ನ. ಅಕ್ಷತೆ ಬಿದ್ದ ಕೂಡಲೇ ಹೊನ್ನಾಟ. ದೇವಿಯನ್ನು ಹೊತ್ತು ಓಣಿ ಓಣಿ ಕುಣಿಸುವಾಗ ಹಾರುವ ಭಂಡಾರಕ್ಕೆ ಆಕಾಶ, ಅಂಗಿ, ನಾಯಿ, ಎಲ್ಲವೂ ಹಳದಿ. ಮುಂದೆ ಅವಳು ಗದ್ದುಗೆ ಏರಿ ಕೂಡುತ್ತಾಳೆ. ಉಡಿ ತುಂಬಲು ಹೆಣ್ಣುಮಕ್ಕಳ ಸಾಲು ಕತ್ತಲಾದರೂ ಕರಗುವುದಿಲ್ಲ. ಕೊನೆಗೆ ದೇವಿ ಊರ ಸೀಮೆಗೆ ಹೋಗುತ್ತಾಳೆ.

ಆ ದಿನಗಳಲ್ಲಿ ಊರಿನ ಯಾವ ಮನೆಗೂ ಬಾಗಿಲು ಹಾಕುವುದಿಲ್ಲ. ಕೊಟ್ಟ ಹೆಣ್ಣುಮಕ್ಕಳು ಮಕ್ಕಳು ಮರಿಗಳೊಂದಿಗೆ ಬರುತ್ತಾರೆ. ದುಡಿಯಲು ಗೋವಾ, ಪುಣೆ, ಮುಂಬಯಿಗೆ ಹೋದ ಗಂಡುಮಕ್ಕಳು ಬರುತ್ತಾರೆ. ಅವರ ಗೆಳೆಯರು, ಗೆಳೆಯರ ಗೆಳೆಯರು ಬರುತ್ತಾರೆ. ಮೊದಲಿಗೆ ಹೋಳಿಗೆ, ತುಪ್ಪ, ಕಟ್ಟಿನ ಸಾರು. ಮುಂದಿನ ದಿನಗಳಲ್ಲಿ ಮಟನ್ನಿನ ರಸ್ಸಾ, ಅಕ್ಕಿ ಭಾಕರಿ, ಇಂಟಾನ್ ಅಕ್ಕಿಯ ಅನ್ನ. ವೈನಿಯ ಅಣ್ಣ ಹಿತ್ತಲಲ್ಲಿ ಅಗೆದ ಒಲೆಯ ಮೇಲೆ ಹಂಡೆ ಇಟ್ಟುಕೊಂಡು, ಬಂದವರ ಮುಖವನ್ನೂ ನೋಡದೆ ಕೂಗುತ್ತಿದ್ದ: “ಎಲಿ ಹಾಕ್ರಿ ಅವರಿಗೆ!”

ಹಾಗೆ ಎಲೆ ಹಾಕಿಸಿಕೊಂಡವರಲ್ಲಿ ಇಬ್ಬರು ಹುಡುಗರಿದ್ದರು. ಹೊಟ್ಟೆ ತುಂಬ ಉಂಡರು, ಇನ್ನಷ್ಟು ರಸ್ಸಾ ಕೇಳಿದರು. ಕೈ ತೊಳೆಯುವಾಗ ಆ ಮನೆಯ ಅಜ್ಜಿ ಕೇಳಿದರು: “ಯಾರ ಮನಿಯವರಪ್ಪಾ ನೀವು?” ಅವರು ಹೇಳಿದ ಹೆಸರು ಹಿಂದಿನ ಓಣಿಯದು. ಮನೆ ತಪ್ಪಿ ಬಂದಿದ್ದರು. ಹುಡುಗರು ನಾಚಿ ಕೆಂಪಾದರು. ಅಜ್ಜಿ ಮಾತ್ರ, “ಅಲ್ಲಿ ಹೋಗಿನೂ ಉಣ್ರಿ, ಇಲ್ಲಾಂದ್ರ ಅವರು ಸಿಟ್ಟಾಗ್ತಾರ” ಎಂದು ದಾರಿ ತೋರಿಸಿದರು. ಕರೆಯುವಾಗ ಮರಾಠಿ, ಬಡಿಸುವಾಗ ಕನ್ನಡ, ಉಂಡವರು ಹೊರಡುವಾಗ ಎರಡೂ. ಗಡಿಯ ಬಗ್ಗೆ ದೂರದಲ್ಲಿ ಕೂತು ಗಂಟಲು ಹರಿದುಕೊಳ್ಳುವವರನ್ನು ಆ ಪಂಕ್ತಿಯಲ್ಲಿ ಒಮ್ಮೆ ಕೂಡಿಸಬೇಕು ಎಂದು ನನಗೆ ನಿಜವಾಗಿ ಅನ್ನಿಸಿದೆ.

ಈ ಜಾತ್ರೆಯಲ್ಲಿ ನೋವಿನ ಮಾತೂ ಇದೆ, ಅದನ್ನು ನುಂಗಿ ಬರೆದರೆ ತಪ್ಪಾಗುತ್ತದೆ. ಜಾತ್ರೆಗೆ ಸಾಲ ಮಾಡುವವರಿದ್ದಾರೆ. ಪಕ್ಕದ ಮನೆಯವರು ಎರಡು ಕುರಿ ತಂದರೆಂದು ತಾವು ಮೂರು ತರುವವರಿದ್ದಾರೆ. ಬಂದವರಿಗೆ ಬಡಿಸುತ್ತ ಹೆಂಗಸರ ಸೊಂಟ ಬೀಳುತ್ತದೆ. ವೈನಿಯ ತಾಯಿಗೆ ಆ ದಿನಗಳಲ್ಲಿ ಒಂದು ಸಲವೂ ಗದ್ದುಗೆಯ ಹತ್ತಿರ ಹೋಗಲಾಗಲಿಲ್ಲ. ದೇವಿ ಹೊರಟು ಹೋಗುವ ದಿನ ನೋಡಿದ್ದು ಓಣಿಯ ತುದಿಯಿಂದ. ಉಣ್ಣುವ ನಮಗೆ ಇದು ಗೊತ್ತಿರಬೇಕು. ಗೊತ್ತಿದ್ದವರು ಉಂಡೆದ್ದ ಮೇಲೆ ಹಂಡೆಗೆ ಕೈ ಹಾಕಿ ತಿಕ್ಕಬೇಕು, ಬಡಿಸುವ ಸೌಟು ಹಿಡಿಯಬೇಕು, ಗಂಡಸರಾದರೆ ಮೊದಲು ಹಿಡಿಯಬೇಕು. ಜಾತ್ರೆ ಉಳಿಯಬೇಕು ಎಂದು ನಾನು ಬಯಸುತ್ತೇನೆ. ಕುರಿಯ ಲೆಕ್ಕ ಇಳಿದು, ಬಾಗಿಲು ತೆರೆದೇ ಇರುವ ಜಾತ್ರೆ. ಹೋಳಿಗೆ ಒಂದೇ ಇರಲಿ, ಎಲೆ ಎಲ್ಲರಿಗೂ ಇರಲಿ.

ಇಷ್ಟು ಓದಿ ಯಾರಿಗಾದರೂ ಬರಬೇಕೆನಿಸಿದರೆ ಆಮಂತ್ರಣ ಪತ್ರಿಕೆಗೆ ಕಾಯಬೇಡಿ, ಗುರುತಿನವರಿಲ್ಲ ಎಂದೂ ಹಿಂಜರಿಯಬೇಡಿ. ಖಾನಾಪುರ ಸ್ಟ್ಯಾಂಡಿನಲ್ಲಿ ಇಳಿದು, ಚಹಾ ಕುಡಿಯುತ್ತ, ಈ ಸಲ ಯಾವ ಊರಿನ ಪಾಳಿ ಎಂದು ಕೇಳಿ. ಹೇಳುತ್ತಾರೆ. ಹಸಿದು ಬನ್ನಿ.