ಎಮ್ಮೆ ಬೇಕಾದ ಕೆರೆ

ರಾಜಸ್ಥಾನದ ಭರತಪುರದಲ್ಲಿ, ಕೇವಲಾದೇವ್ ಉದ್ಯಾನದೊಳಗೆ, ಬೇಟೆಯ ಲೆಕ್ಕ ಕೆತ್ತಿಟ್ಟ ಕಲ್ಲುಗಳಿವೆ. ಯಾವ ತಾರೀಖು, ಎಷ್ಟು ಬಂದೂಕು, ಎಷ್ಟು ಹಕ್ಕಿ, ಎಲ್ಲಾ ಇದೆ. 1938ರ ನವೆಂಬರ್ 12ರಂದು ವೈಸ್‌ರಾಯ್ ಲಿನ್‌ಲಿತ್‌ಗೋ ಬಂದಾಗ ಒಂದೇ ದಿನ ಉರುಳಿದ್ದು 4,273 ಹಕ್ಕಿ. ನಮ್ಮ ಆಫೀಸಿನ ರಿಲೀಸ್ ನೋಟ್ಸ್ ಕೂಡ ಇಷ್ಟು ಅಚ್ಚುಕಟ್ಟಾಗಿರಲ್ಲ.

ಅಷ್ಟೊಂದು ಹಕ್ಕಿ ಸುಮ್ಮನೆ ಬರೋದಿಲ್ಲ. ಮಹಾರಾಜರು ತಗ್ಗು ನೆಲಕ್ಕೆ ಸಣ್ಣ ಸಣ್ಣ ಏರಿ ಹಾಕಿಸಿ, ಅಜಾನ್ ಬಾಂಧ್‌ನಿಂದ ಮಳೆಗಾಲದ ನೀರು ಹಾಯಿಸುತ್ತಿದ್ದರು. ಲೆಕ್ಕಾಚಾರ ಸರಳ. ಬೇಸಿಗೇಲಿ ನೀರು ಇಳಿದರೆ ಕೆಸರಲ್ಲಿ ಹುಲ್ಲು, ಜೇಕು ಹುಟ್ಟಿ ಬೀಜ ಕಟ್ಟುತ್ತೆ, ಗೆಡ್ಡೆ ಬಿಡುತ್ತೆ. ಅದರ ಮೇಲೆ ತೆಳ್ಳಗೆ ನೀರು ನಿಂತರೆ ಚಳಿಗಾಲದ ಬಾತುಗಳಿಗೆ ಊಟ ರೆಡಿ. ತಲೆ ಮುಳುಗಿಸಿ ಬಾಲ ಮೇಲೆತ್ತಿ ಮೇಯೋ ಜಾತಿಗಳಿಗೆ ಆಳ ನೀರು ಬೇಕಾಗೋದೇ ಇಲ್ಲ. ಆದರೆ ಹುಲ್ಲು ಒತ್ತಾಗಿ ಬೆಳೆದರೆ ಇಳಿಯೋಕೆ ಜಾಗವೇ ಇರಲ್ಲ. ಅದನ್ನು ಹದದಲ್ಲಿ ಇಟ್ಟಿದ್ದು ಸುತ್ತಲಿನ ಹಳ್ಳಿಗಳ ಎಮ್ಮೆ ದನ. ಅವುಗಳ ಹೆಸರು ಮಾತ್ರ ಯಾವ ಕಲ್ಲಿನ ಮೇಲೂ ಇಲ್ಲ.

1956ರಲ್ಲಿ ಅದು ಪಕ್ಷಿಧಾಮವಾಯ್ತು. ಆಮೇಲೂ ರಾಜಮನೆತನದ ಬೇಟೆ ಹಕ್ಕು 1972ರವರೆಗೆ ಉಳಿದಿತ್ತು. 1982ರಲ್ಲಿ ರಾಷ್ಟ್ರೀಯ ಉದ್ಯಾನ ಅಂತ ಘೋಷಣೆಯಾಗಿ ಮೇವು ನಿಂತಿತು. ಹಳ್ಳಿಯವರು ಪ್ರತಿಭಟಿಸಿದರು, ಪೊಲೀಸರು ಗುಂಡು ಹಾರಿಸಿದರು, ಜನ ಸತ್ತರು. ಅದಾದ ಮೇಲೆ ಪ್ಯಾಸ್ಪಾಲಮ್ ಅನ್ನೋ ಹುಲ್ಲು ಮಿತಿಮೀರಿ ಹಬ್ಬಿ ತೆರೆದ ನೀರನ್ನು ಮುಚ್ಚಿತು. ಹಲವು ನೀರುಹಕ್ಕಿಗಳಿಗೆ ಅದರಿಂದ ತೊಂದರೆಯೇ ಆಯ್ತು. ಎಮ್ಮೆ ಮೇಯೋದು ಇಲ್ಲಿಗೆ ಬೇಕು ಅಂತ ಹೇಳಿದ್ದು ದನಗಾಹಿಗಳಷ್ಟೇ ಅಲ್ಲ, ವರ್ಷಗಟ್ಟಲೆ ಅಲ್ಲೇ ಕೂತು ಅಧ್ಯಯನ ಮಾಡಿದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಜ್ಞಾನಿಗಳು.

ಬೇಟೆ ನಿಂತದ್ದು ಒಳ್ಳೇದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಂದೂಕಿನ ಜೊತೆ ಎಮ್ಮೆಯನ್ನೂ ಆಚೆ ಹಾಕಿದರೆ ಅಲ್ಲಿ ಉಳಿಯೋದು ಬರೀ ಹುಲ್ಲು.

ಇದನ್ನೆಲ್ಲ ಈಗ ಬರೆಯೋಕೆ ಕಾರಣ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗ್ರೂಪು. ಪಕ್ಕದ ಕೆರೆಗೆ ಬೇಲಿ ಹಾಕಿಸಿ ದನ ಬರದ ಹಾಗೆ ಮಾಡೋಣ, ಹಕ್ಕಿ ಜಾಸ್ತಿ ಬರ್ತವೆ ಅಂತ ಚರ್ಚೆ ನಡೀತಿದೆ. ಭಾನುವಾರ ಮೀಟಿಂಗ್. ನಮ್ಮೂರ ಕೆರೇಲಿ ಮನೆಮನೆ ಎಮ್ಮೆ ಬೀಳ್ತಿದ್ದ ಕಾಲಕ್ಕೆ ಬಾತೂ ಇಳೀತಿದ್ದವು. ಎಮ್ಮೆ ಮಾರಿ ಆಯ್ತು, ಈಗ ಅಂಗಳದ ತುಂಬಾ ಜೊಂಡು. ಹಾಗಂತ ಎಲ್ಲಾ ಕೆರೆಗೂ ಒಂದೇ ಔಷಧಿ ಅಂತ ನಾನು ಹೇಳಲ್ಲ. ಕೆರೆ ಏರಿ ಮೇಲೆ ದಿನಾ ಮೂರು ಎಮ್ಮೆ ಹೊಡ್ಕೊಂಡು ಬರೋ ಅಜ್ಜ ಒಬ್ಬರಿದ್ದಾರೆ. ಮೀಟಿಂಗಿಗೆ ಮೊದಲು ಅವರನ್ನು ಕರೆಯಿರಿ ಅಂತ ಗ್ರೂಪಲ್ಲಿ ಹಾಕಿದ್ದೀನಿ. ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ.