ಪೆಟ್ಟಿಗೆಯ ಮೇಲಿನ ಹೆಸರು

ಹಳೆಯ ವಸ್ತುಗಳನ್ನು ಸಂಗ್ರಹಿಸುವವರನ್ನು ಕಂಡರೆ ಜನರಿಗೆ ಎರಡು ಅನುಮಾನ. ಒಂದು, ಇವರ ಬಳಿ ಹಣ ಹೆಚ್ಚಾಗಿದೆ. ಇನ್ನೊಂದು, ಇವರಿಗೆ ಬೇರೆ ಕೆಲಸವಿಲ್ಲ. ಉದ್ಯೋಗದ ನಿಮಿತ್ತ ಜಪಾನಿನ ಕ್ಯೋಟೊ ನಗರದಲ್ಲಿ ಬಾಡಿಗೆ ಮನೆ ಮಾಡಿಕೊಂಡಿರುವ ನಮ್ಮಿಬ್ಬರಿಗೆ ಇವೆರಡೂ ಅನ್ವಯಿಸುವುದಿಲ್ಲ. ಆದರೂ ಏಳು ವರ್ಷಗಳಿಂದ ಇಲ್ಲಿನ ಹಳೆಯ ಪಿಂಗಾಣಿ ಬಟ್ಟಲುಗಳನ್ನು ಕೂಡಿಡುತ್ತಾ ಬಂದಿದ್ದೇವೆ.

ಜಪಾನಿನ ಪುರಾತನ ಕಲಾವಸ್ತುಗಳೆಂದರೆ ಖಡ್ಗ, ಅರಗಿನ ಪೆಟ್ಟಿಗೆ, ದಂತದ ಕೆತ್ತನೆಗಳು ನೆನಪಾಗುತ್ತವೆ. ಅವೆಲ್ಲ ಸಿರಿವಂತರ ಹರಾಜಿನ ಮಾತು. ನಮ್ಮದು 'ಸೊಬಾ ಚೊಕೊ' ಎಂಬ, ಹಿಡಿಯಿಲ್ಲದ ಪುಟ್ಟ ಬಟ್ಟಲು. ಬಿಳಿಯ ಮೈ ಮೇಲೆ ನೀಲಿ ಚಿತ್ತಾರ. ಸೊಬಾ ಎಂಬ ಶಾವಿಗೆಯನ್ನು ಅದ್ದಿ ತಿನ್ನುವ ಸಾರನ್ನು ಇದರಲ್ಲಿ ಹಾಕುತ್ತಾರೆ. ನಾವು ಅದರಲ್ಲಿ ಸುಲೈಮಾನಿ ಚಹಾ ಕುಡಿಯುತ್ತೇವೆ. ಕ್ಯೋಟೊದ ತೋಜಿ ದೇವಾಲಯದ ಅಂಗಳದಲ್ಲಿ ಪ್ರತಿ ತಿಂಗಳ 21ರಂದು, ಕಿತಾನೊ ತೆನ್ಮಾಂಗುವಿನಲ್ಲಿ 25ರಂದು ಸಂತೆ ನೆರೆಯುತ್ತದೆ. ಹಳೆಯ ಬಟ್ಟೆ, ಹಳೆಯ ಪಾತ್ರೆ, ಉಪ್ಪಿನಕಾಯಿ ಎಲ್ಲವೂ ಅಲ್ಲಿ ಅಕ್ಕಪಕ್ಕ.

ಈ ಪಿಂಗಾಣಿಯ ಹಿಂದೆ ನೋವಿನ ಕತೆಯೊಂದಿದೆ. 1592ರಿಂದ 1598ರವರೆಗೆ ಜಪಾನ್ ಕೊರಿಯಾದ ಮೇಲೆ ದಂಡೆತ್ತಿ ಹೋಯಿತು. ಹಿಂದಿರುಗುವಾಗ ಸೇನಾನಿಗಳು ಅಲ್ಲಿನ ಕುಂಬಾರರನ್ನೂ ಹಿಡಿದು ತಂದರು. ಕ್ಯೂಶೂ ದ್ವೀಪದ ಅರಿತಾದಲ್ಲಿ 17ನೇ ಶತಮಾನದ ಆರಂಭದಲ್ಲಿ ಜಪಾನಿನ ಪಿಂಗಾಣಿ ಹುಟ್ಟಿದ್ದು ಅಂಥವರ ಕೈಯಿಂದ. ಸರಕು ಇಮಾರಿ ಬಂದರಿನಿಂದ ಹಡಗೇರುತ್ತಿತ್ತು. ಹಾಗಾಗಿ ಜಗತ್ತು ಅದನ್ನು ಇಮಾರಿ ಎಂದೇ ಕರೆಯಿತು. ಬಂದರಿನ ಹೆಸರು ಉಳಿಯಿತು, ಮಣ್ಣು ಕಲಸಿದ ಹೆಚ್ಚಿನವರ ಹೆಸರು ಉಳಿಯಲಿಲ್ಲ.

ಬಟ್ಟಲನ್ನು ಮಗುಚಿ ನೋಡುವುದು ಸಂಗ್ರಾಹಕರ ಮೊದಲ ಪಾಠ. ತಳದಲ್ಲಿ ಎಷ್ಟೋ ಸಲ 'ಮಹಾ ಮಿಂಗ್ ದೇಶದ ಚೆಂಗ್‌ಹುವಾ ಕಾಲದಲ್ಲಿ ತಯಾರಾದದ್ದು' ಎಂಬ ಚೀನೀ ಅಕ್ಷರಗಳಿರುತ್ತವೆ. ಚೆಂಗ್‌ಹುವಾ ಚೀನಾವನ್ನು ಆಳಿದ್ದು 1464ರಿಂದ 1487ರವರೆಗೆ. ಆಗ ಅರಿತಾದಲ್ಲಿ ಪಿಂಗಾಣಿಯೇ ಇರಲಿಲ್ಲ! ಚೀನಾದ ಹೆಸರಿಗೆ ಇದ್ದ ಗೌರವವೇ ಅಲ್ಲಿ ಅಲಂಕಾರವಾಗಿದೆ. ತಳದಲ್ಲಿ ಹೊಳಪಿಲ್ಲದ ಅಗಲವಾದ ಬಳೆಯಂಥ ಪಟ್ಟಿ ಇದ್ದರೆ ಅದಕ್ಕೆ 'ಹಾವಿನ ಕಣ್ಣು' ಎಂದು ಹೆಸರು. ಅದು 18ನೇ ಶತಮಾನದ ಉತ್ತರಾರ್ಧದಿಂದ ಹೆಚ್ಚು ಬಳಕೆಗೆ ಬಂತು. ನೀಲಿ ತೀರಾ ಕಣ್ಣು ಕುಕ್ಕುವಂತಿದ್ದರೆ, 1870ರ ದಶಕದಿಂದೀಚೆಗೆ ಬಳಕೆಗೆ ಬಂದ ಯುರೋಪಿನ ಬಣ್ಣವಿರಬಹುದು.

ಆದರೆ ನಮಗೆ ಹೆಚ್ಚಿನ ಪಾಠ ಕಲಿಸಿದ್ದು ಬಟ್ಟಲಲ್ಲ, ಒಂದು ಮರದ ಪೆಟ್ಟಿಗೆ. ಸಂತೆಯಲ್ಲಿ ಒಬ್ಬ ವ್ಯಾಪಾರಿಯ ಮುಂದೆ ಹದಿನೇಳು ಬಟ್ಟಲುಗಳಿದ್ದವು. ಪಕ್ಕದಲ್ಲಿ ಅವುಗಳ ಪೆಟ್ಟಿಗೆ. ಮುಚ್ಚಳದ ಮೇಲೆ ಮಸಿಯಲ್ಲಿ 'ಬಟ್ಟಲು ಇಪ್ಪತ್ತು, ಟೆಂಪೊ 12ನೇ ವರ್ಷ' ಎಂದಿತ್ತು. ಎಂದರೆ 1841. ಕೆಳಗೆ ಒಂದು ಮನೆತನದ ಹೆಸರು. 1833ರಿಂದ 1837ರವರೆಗೆ ಜಪಾನನ್ನು ಭೀಕರ ಬರಗಾಲ ಕಾಡಿತ್ತು. ಅದು ಮುಗಿದ ನಾಲ್ಕು ವರ್ಷಕ್ಕೆ ಯಾವುದೋ ಮನೆಯವರು ಇಪ್ಪತ್ತು ಮಂದಿಗೆ ಬಡಿಸುವ ಧೈರ್ಯ ಮಾಡಿದ್ದರು. ಎರಡು ಬಟ್ಟಲುಗಳ ಬಿರುಕನ್ನು ಅರಗು ಮತ್ತು ಚಿನ್ನದ ಪುಡಿಯಿಂದ ಬೆಸೆದಿದ್ದರು. ಬೇಡವೆಂದಿದ್ದರೆ ಎಸೆಯುತ್ತಿದ್ದರಲ್ಲವೇ?

"ಬಟ್ಟಲು ಬಿಡಿಬಿಡಿಯಾಗಿ ಮಾರುತ್ತೇನೆ. ಪೆಟ್ಟಿಗೆಗೆ ಬೇರೆ ಗಿರಾಕಿ ಇದ್ದಾರೆ, ಹೂಕುಂಡ ಇಡುತ್ತಾರಂತೆ" ಎಂದ ವ್ಯಾಪಾರಿ. ಇವು ಯಾರ ಮನೆಯವು ಎಂದು ಕೇಳಿದೆವು. ಮನೆಯ ಕೊನೆಯ ಹಿರಿಯರು ತೀರಿಕೊಂಡಿದ್ದರು. ಟೋಕಿಯೊದಲ್ಲಿದ್ದ ಸಂಬಂಧಿಕರಿಗೆ ಏನೂ ಬೇಕಿರಲಿಲ್ಲ. ಮನೆಯನ್ನು ಕೆಡವಲಾಗಿತ್ತು. ಇದು ಒಂದು ಮನೆಯ ಕತೆಯಲ್ಲ. 2023ರ ಸರಕಾರಿ ಸಮೀಕ್ಷೆಯ ಪ್ರಕಾರ ಜಪಾನಿನಲ್ಲಿ ಸುಮಾರು 90 ಲಕ್ಷ ಮನೆಗಳು ಖಾಲಿ ಬಿದ್ದಿವೆ. ಮುದುಕರು ತೀರಿಹೋಗುತ್ತಾರೆ, ಮಕ್ಕಳು ಪಟ್ಟಣದಲ್ಲಿರುತ್ತಾರೆ, ಕಪಾಟು ಸಂತೆಗೆ ಬರುತ್ತದೆ. ನಮ್ಮಂಥವರ ಹವ್ಯಾಸ ನಡೆಯುವುದು ಆ ಖಾಲಿತನದಿಂದಲೇ ಎಂಬುದು ನಮ್ಮನ್ನು ಚುಚ್ಚದೇ ಇರಲಿಲ್ಲ.

ಕೊಂಡರೆ ಎಲ್ಲವನ್ನೂ ಪೆಟ್ಟಿಗೆಯ ಸಮೇತ, ಇಲ್ಲವಾದರೆ ಏನೂ ಬೇಡ ಎಂದೆವು. ಚೌಕಾಸಿ ಮುಗಿಯುವಾಗ ಮಧ್ಯಾಹ್ನವಾಗಿತ್ತು. ಆ ತಿಂಗಳು ಬೇರೆ ಖರ್ಚುಗಳನ್ನು ಮುಂದೂಡಿದೆವು.

ಬಳಕೆಯ ವಸ್ತುಗಳಲ್ಲೇ ಸೌಂದರ್ಯವಿದೆಯೆಂದು ಸಾರಿದ ಯಾನಾಗಿ ಸೊಯೆತ್ಸು 1936ರಲ್ಲಿ ಟೋಕಿಯೊದಲ್ಲಿ ಜಾನಪದ ಕರಕುಶಲ ವಸ್ತುಸಂಗ್ರಹಾಲಯ ತೆರೆದರು. ಹೆಸರಿಲ್ಲದ ಕುಶಲಕರ್ಮಿಗಳಿಗೆ ಅದು ಸಂದ ಗೌರವ. ಅಷ್ಟು ದೊಡ್ಡ ಕೆಲಸ ನಮ್ಮಿಂದಾಗದು. ಆದರೆ ವಸ್ತುವನ್ನು ಅದರ ಹೆಸರಿನಿಂದ ಅಗಲಿಸದಿರುವುದು ಯಾರಿಂದಲೂ ಆಗುವ ಕೆಲಸ. ಹೆಸರು ಕಳಚಿದ ಮೇಲೆ ಉಳಿಯುವುದು ಬೆಲೆ ಮಾತ್ರ.

ಊರಿನ ಬಂಧುಗಳು, "ಪರರ ಮನೆಯ ಹಳೇ ಬಟ್ಟಲು ನಿಮಗ್ಯಾಕೆ?" ಎನ್ನುತ್ತಾರೆ. ನಮ್ಮ ಕಡೆಯೂ ಮದುವೆಗೆ ಕೊಟ್ಟ ತಾಮ್ರ, ಹಿತ್ತಾಳೆಯ ಪಾತ್ರೆಗಳ ಅಂಚಿನಲ್ಲಿ ಕೊಟ್ಟವರ ಹೆಸರು ಕೆತ್ತಿಸುತ್ತಿದ್ದರು. ಅಜ್ಜಿಯ ಹೆಸರಿದ್ದ ಅಂಥ ಪಾತ್ರೆಗಳನ್ನು ಎಷ್ಟು ಮನೆಗಳು ಗುಜರಿಗೆ ತೂಕಕ್ಕೆ ಹಾಕಿಲ್ಲ? ಗುಜರಿಯವನ ತಕ್ಕಡಿಗೆ ಹೆಸರಿನ ಭಾರ ತಿಳಿಯದು.

ಈಗ ಆ ಪೆಟ್ಟಿಗೆಯೊಳಗೆ ಒಂದು ಕಾಗದ ಇಟ್ಟಿದ್ದೇವೆ. ಎಲ್ಲಿ, ಯಾವಾಗ ಕೊಂಡೆವು, ಎಷ್ಟಿದ್ದವು, ಯಾವುದಕ್ಕೆ ಬೆಸುಗೆಯಿದೆ ಎಂದು ಜಪಾನಿ, ಕನ್ನಡ, ಇಂಗ್ಲಿಷ್ ಮೂರರಲ್ಲೂ ಬರೆದಿದ್ದೇವೆ. "ನಮ್ಮ ನಂತರ ಇವು ಯಾರವು?" ಎಂದು ಮಗಳು ಕೇಳಿದಳು. ಇಟ್ಟುಕೊಳ್ಳುವುದು, ಕೊಡುವುದು, ಮಾರುವುದು ನಿನ್ನಿಷ್ಟ, ಪೆಟ್ಟಿಗೆಯನ್ನು ಮಾತ್ರ ಬೇರೆ ಮಾಡಬೇಡ ಎಂದೆವು. ಕಾಗದದ ಕೆಳಗೆ ಇನ್ನೂ ಅರ್ಧ ಪುಟ ಖಾಲಿಯಿದೆ.