ಗೂಗ್ಲಿ ಕಲಿಯಲು ಹೋಗಿ

ಬೋಧನಾಭ್ಯಾಸಕ್ಕೆ ಹೋದ ಶಾಲೆಯಲ್ಲಿ ಎಂಟನೇ ತರಗತಿಯ ಒಬ್ಬ ಹುಡುಗ ಮೈನಸ್ಸನ್ನು ಮೈನಸ್ಸಿನಿಂದ ಗುಣಿಸಿದಾಗಲೆಲ್ಲ ಉತ್ತರಕ್ಕೂ ಮೈನಸ್ ಹಾಕುತ್ತಿದ್ದ. “ಎಷ್ಟು ಸಲ ಹೇಳಬೇಕೋ ನಿನಗೆ?” ಎಂದು ಗದರಿಬಿಟ್ಟೆ.

ಸಂಜೆ ಮೈದಾನದಲ್ಲಿ ಅವನೇ ನನ್ನ ವಿಕೆಟ್ ಕೀಪರ್. ನಾನು ಲೆಗ್ ಸ್ಪಿನ್ ಹಾಕುವವನು. ಆ ತಿಂಗಳು ಗೂಗ್ಲಿ ಕಲಿಯುವ ಹಟ ಹಿಡಿದಿತ್ತು. ಹೇಳಲು ಸುಲಭ. ಹಿಡಿತ ಲೆಗ್ ಬ್ರೇಕ್‌ನದೇ. ಬಿಡುವಾಗ ಮಣಿಕಟ್ಟನ್ನು ಇನ್ನಷ್ಟು ತಿರುಗಿಸಿ, ಕೈಯ ಹಿಂಬದಿ ಬ್ಯಾಟ್ಸ್‌ಮನ್ ಕಡೆಗಿರುವಂತೆ ಬಿಡಬೇಕು. ಬಲಗೈ ಆಟಗಾರನಿಂದ ಹೊರಹೋಗಬೇಕಾದ ಚೆಂಡು ಆಗ ಒಳಗೆ ನುಗ್ಗುತ್ತದೆ. ಇಷ್ಟನ್ನು ಕಪ್ಪುಹಲಗೆಯ ಮೇಲೆ ಹತ್ತು ನಿಮಿಷದಲ್ಲಿ ಪಾಠ ಮಾಡಬಲ್ಲೆ. ಕೈಗೆ ಮಾತ್ರ ಬರಲೊಲ್ಲದು.

ಇಂಗ್ಲೆಂಡಿನ ಬೋಸಾಂಕೆ ಇದನ್ನು ಕಂಡುಕೊಂಡಿದ್ದು ಮೇಜಿನ ಮೇಲೆ ಟೆನಿಸ್ ಚೆಂಡು ಪುಟಿಸುವ ಆಟದಲ್ಲಿ. 1900ರಲ್ಲಿ ಲಾರ್ಡ್ಸ್‌ನಲ್ಲಿ ಅವರಿಗೆ ವಿಕೆಟ್ ತಂದ ಗೂಗ್ಲಿ ನಾಲ್ಕು ಸಲ ಪುಟಿದಿತ್ತಂತೆ. ನನ್ನದು ಪುಟಿಯದೆಯೇ ಕೀಪರ್ ತಲೆಯ ಮೇಲೆ ಹಾರುತ್ತಿತ್ತು. ಎರಡನೇ ವಾರಕ್ಕೆ ಇನ್ನೊಂದು ಕಾಟ: ಇದ್ದ ಲೆಗ್ ಬ್ರೇಕೂ ಕೆಟ್ಟಿತು.

ಹುಡುಗ ಪ್ರತಿ ಸಲವೂ ಬೇಲಿಯಾಚೆ ಓಡಿ ಚೆಂಡು ತರುತ್ತಿದ್ದ. ಎಷ್ಟನೇ ಸಲವೆಂದು ಒಮ್ಮೆಯೂ ಎಣಿಸಲಿಲ್ಲ. “ಇನ್ನೊಂದು ಹಾಕಿ ಸಾರ್, ಈ ಸಲ ಸ್ವಲ್ಪ ತಿರುಗ್ತು.” ತಿರುಗಿರಲಿಲ್ಲ, ನನಗೆ ಗೊತ್ತಿತ್ತು.

ಮರುದಿನದ ಪಾಠಯೋಜನೆಯಲ್ಲಿ ಹೊಸ ಘಟಕವಿತ್ತು. ಮೊದಲ ಹದಿನೈದು ನಿಮಿಷ ಹಳೆಯ ಮೈನಸ್ಸಿಗೇ ಹೋಯಿತು. ಅವಲೋಕನಕ್ಕೆ ಬಂದಿದ್ದ ಉಪನ್ಯಾಸಕರು “ಸಮಯಪಾಲನೆ ಸಾಲದು” ಎಂದು ಬರೆದರು. ಸರಿಯಾದ ಮಾತೇ. ಹುಡುಗ ಐದು ಲೆಕ್ಕದಲ್ಲಿ ಎರಡು ಸರಿ ಮಾಡಿದ. ನನಗೆ ಗೂಗ್ಲಿ ಇನ್ನೂ ಬಂದಿಲ್ಲ.